ರಾಚಪ್ಪ ಮಾಸ್ತರರ ಸ್ವಾಗತ ಭಾಷಣ

ಹಾರುವ ತಟ್ಟೆಗಳು ಇವೆಯೆಂದು ರಾಚಪ್ಪ ಮಾಸ್ತರರು ಮೂವತ್ತು ವರ್ಷ ಗದಗಿನ ತುಂಬ ಭಾಷಣ ಮಾಡಿದ್ದರು. ಆಗ ಯಾರೂ ನಂಬಲಿಲ್ಲ. ಈಗ ತಟ್ಟೆಗಳು ದಿನವೂ ಬಂದು ಮಾಳಿಗೆಗಳ ಮೇಲಿಳಿದು, ಜನರನ್ನು ಚಂದ್ರನವರೆಗೆ ಒಂದು ಸುತ್ತು ತಿರುಗಿಸಿ ತಂದು ಬಿಡುತ್ತಿದ್ದವು. ಓಣಿಯಲ್ಲಿ ಇನ್ನೂ ಹತ್ತದೆ ಉಳಿದವರೆಂದರೆ ಮಾಸ್ತರರು ಮತ್ತು ಅವರ ಹೆಂಡತಿ ನೀಲವ್ವ.

ಕೊನೆಗೊಂದು ದಿನ ತಟ್ಟೆ ಅವರ ಮಾಳಿಗೆಗೂ ಇಳಿಯಿತು. ಮಾಸ್ತರರು ಟೊಪ್ಪಿಗೆ ಸರಿಪಡಿಸಿಕೊಂಡು "ಮಾನ್ಯ ಅತಿಥಿಗಳೇ" ಎಂದು ಶುರುಮಾಡಿದರು. ಪೀಠಿಕೆ ಮುಗಿಯುವ ಮೊದಲೇ ಬಾಗಿಲು ತೆರೆಯಿತು. ಸಂಡಿಗೆ ಹಾಕುತ್ತಿದ್ದ ನೀಲವ್ವನನ್ನು ಹತ್ತಿಸಿಕೊಂಡು ತಟ್ಟೆ ಹೊರಟೇಹೋಯಿತು.

ಮಾಸ್ತರರು ಸಂಡಿಗೆಗೆ ಬಂದ ಕಾಗೆಗಳನ್ನು ಓಡಿಸುತ್ತ ಕುಳಿತರು. ತಮ್ಮ ಯಾವ ಸಭೆಗೂ ಇಷ್ಟು ಮಂದಿ ಸೇರಿರಲಿಲ್ಲವಲ್ಲ ಎಂದುಕೊಂಡು ಅವರಿಗೇ ನಗು ಬಂತು.

ಸಂಜೆ ನೀಲವ್ವ ಇಳಿದಳು. ತಟ್ಟೆ ಹೋಗದೆ ಅಲ್ಲೇ ನಿಂತಿತ್ತು.

"ನನ್ನ ಯಾಕ ಬಿಟ್ಟು ಹೋದ್ರಂತ?" ಎಂದರು ಮಾಸ್ತರರು.

"ನಿಮ್ಮ ಭಾಷಣ ಮೂವತ್ತು ವರ್ಷದಿಂದ ಮ್ಯಾಲಿಂದನ ಕೇಳ್ಯಾರಂತ. ಇನ್ನ ಕೇಳೂದು ಆಗಂಗಿಲ್ಲ ಅಂದ್ರು."

ಮಾಸ್ತರರ ಮುಖ ಸಣ್ಣದಾಯಿತು.

"ಸುಮ್ಮನ ಕೂಡ್ತಾರ ಅಂತ ನಾ ಮಾತು ಕೊಟ್ಟು ಬಂದೀನಿ. ಹತ್ರಿ," ಎಂದಳು ನೀಲವ್ವ.

ಧನ್ಯವಾದ ಹೇಳಲು ಬಾಯಿ ತೆರೆದ ಮಾಸ್ತರರು, ಅದನ್ನು ಹಾಗೆಯೇ ಮುಚ್ಚಿಕೊಂಡು ತಟ್ಟೆ ಹತ್ತಿದರು.