ಗೊಂಡೆಯ ದಿಂಬು

ನೀಲಗಂಗಾ ಮದುವೆಯಾಗಿ ಬಂದಾಗಿನಿಂದ ಮಾವ ಅವಳೊಂದಿಗೆ ಮಾತಾಡಿರಲಿಲ್ಲ. ತನ್ನನ್ನು ಕೇಳದೆ ಮಗ ಮಾಡಿಕೊಂಡ ಮದುವೆ ಎಂಬುದು ಅವರ ಸಿಟ್ಟು. ಸೊಸೆ ಎದುರಿಗೇ ನಿಂತಿದ್ದರೂ ಹೇಳಬೇಕಾದದ್ದನ್ನು ಹೆಂಡತಿಗೆ ಹೇಳುತ್ತಿದ್ದರು. ಅತ್ತೆ ಅದನ್ನೇ ಅವಳಿಗೆ ಇನ್ನೊಮ್ಮೆ ಹೇಳುತ್ತಿದ್ದರು.

ಹಳೆಯ ಸೀರೆಯ ತುಂಡುಗಳನ್ನು ಕೌದಿಯಂತೆ ಜೋಡಿಸಿ ಹೊಲಿದು ಅವಳು ಮಾವನಿಗೊಂದು ತಲೆದಿಂಬು ಮಾಡಿದಳು. ಅಂಚು ಬೋಳಾಗಿ ಕಂಡಿತೆಂದು, ಬಟ್ಟೆ ಹೊಸೆದು ಮಾಡಿದ ಗಂಟುಗಂಟಾದ ಗೊಂಡೆಗಳನ್ನು ಸುತ್ತಲೂ ಕೂಡಿಸಿದಳು.

ಮಾವ ದಿಂಬನ್ನು ತಿರುಗಿಸಿ ನೋಡಿದರು. “ಎತ್ತಿನ ಕೊರಳಿಗೆ ಕಟ್ಟಿದ್ಹಂಗ ಏನಿದು ಗೊಂಡೆ? ಅಟ್ಟಕ್ಕ ಹಾಕಂತ ಹೇಳು ಆಕಿಗೆ.”

“ಅಟ್ಟಕ್ಕ ಹಾಕಬೇಕಂತವ್ವಾ,” ಎಂದರು ಅತ್ತೆ.

ನೀಲಗಂಗಾ ಹಾಕಿದಳು. ಅಳಲಿಲ್ಲ, ಅಂದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಅಷ್ಟೇ.

ವಾರ ಕಳೆದರೂ ಮನಸ್ಸು ತಡೆಯಲಿಲ್ಲ. ಗೊಂಡೆ ಕಿತ್ತರೆ ಮಾವ ಒಪ್ಪಿಯಾರೇನೋ ಎಂದು ಕತ್ತರಿ ಹಿಡಿದು ಅಟ್ಟ ಹತ್ತಿದಳು. ದಿಂಬು ಅಲ್ಲಿರಲಿಲ್ಲ.

ಕೆಳಗಿಳಿದು, ಪೇಪರ್ ಓದುತ್ತ ಕೂತಿದ್ದ ಮಾವನ ಮುಂದೆಯೇ ಅತ್ತೆಯನ್ನು ಕೇಳಿದಳು. “ಅತ್ತೀ, ಆ ದಿಂಬು ಎಲ್ಲೈತ್ರಿ? ಅದರ ಗೊಂಡೆ ಬಿಚ್ಚಿ ಕೊಡ್ತೀನ್ರಿ.”

ಅತ್ತೆ ಗಂಡನ ಮುಖ ನೋಡಿದರು.

ಮಾವ ಪೇಪರ್ ಮಡಚಿದರು.

“ಕತ್ತರಿ ಒಳಗಿಡು ನೀಲಾ. ಆ ಗೊಂಡೆ ಕೈಯಾಗ ಹಿಡಕೊಂಡ್ರನ ನನಗ ನಿದ್ದಿ ಹತ್ತೋದು.”