ಬಾವಿ ಇದ್ದ ಜಾಗ

ಕಟ್ಟೆ ಕುಸಿದ ಹಿತ್ತಲ ಬಾವಿಗೆ ಬಿದ್ದು ಮಗಳು ತೀರಿಕೊಂಡ ಮೇಲೆ ತಾಯಿ ಆ ಬಾವಿಯ ಪಕ್ಕದಿಂದ ಏಳಲೇ ಇಲ್ಲ. ಬಾವಿ ಮುಚ್ಚಲು ಮಣ್ಣು ಹೇರಿಕೊಂಡು ಬಂದ ಟ್ರ್ಯಾಕ್ಟರನ್ನೂ ವಾಪಸು ಕಳಿಸಿದಳು. ಕಿರಿಯ ಕೂಸು ಆಗಲೇ ತೆವಳುತ್ತ ಆ ಕಡೆಗೇ ಬರುತ್ತಿತ್ತು.

“ಹುಡುಗಿ ಸತ್ತ ಜಾಗ. ಜೀವ ಇಲ್ಲೇ ಸುಳೀತಿರತೈತಿ. ಮಣ್ಣು ಹೆಂಗ ಹಾಕಸಲಿ?”

ಟ್ರ್ಯಾಕ್ಟರ್ ಮತ್ತೆ ಬಂದ ದಿನ ಗಂಡ ತನ್ನ ತಮ್ಮನನ್ನು ಕರೆಸಿದ. ಶಿವಯೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಇದ್ದದ್ದನ್ನು ಇದ್ದಂತೆ ಹೇಳುವವನು.

“ವೈನಿ, ಆ ಜಾಗ ಇಲ್ಲಿಲ್ಲ. ಭೂಮಿ ಸೂರ್ಯನ ಸುತ್ತ ಓಡಾಕತ್ತೈತಿ. ಅಕಿ ಸತ್ತ ಜಾಗ ಕೋಟಿಗಟ್ಟಲೆ ಮೈಲಿ ಹಿಂದ ಉಳೀತು.”

“ನಾ ಕುಂತಲ್ಲೇ ಕುಂತೀನಿ ಮಾಸ್ತರ. ಓಡೂದು ನಿನ್ನ ಬಾಯಿ ಅಷ್ಟ.”

ಅವನು ನೆಲದ ಮೇಲೊಂದು ಕಲ್ಲಿಟ್ಟು, ಸುತ್ತ ಗೆರೆ ಎಳೆದು ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು.

“ಅಂದರ ಅಕಿ ಅಲ್ಲಿ ಕತ್ತಲದಾಗ ಒಬ್ಬಾಕಿನ ಅದಾಳ?”

ಅವಳ ಬೆರಳು ಗೆರೆಯ ಮೇಲೆ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತು.

“ತಿರುಗಿ ಅಲ್ಲಿಗೇ ಬರ್ತೀವಲ್ಲ? ಯಾವಾಗ?”

“ವರ್ಷಕ್ಕ.”

“ಸತ್ತವರಿಗೆ ವರ್ಷಾಂತಿಕದ ದಿನ ಎಡಿ ಇಡೂದು ಅದಕ್ಕನ ಏನು?” ಅವಳು ಎದ್ದು ಸೀರೆ ಕೊಡವಿಕೊಂಡು ಗಂಡನಿಗೆ, “ಮುಚ್ಚಸ್ರಿ” ಎಂದಳು. ಟ್ರ್ಯಾಕ್ಟರ್ ಶುರುವಾಯಿತು. ಅವಳು ಮೈದುನನ ತೋಳು ಹಿಡಿದಳು.

“ಸೂರ್ಯ ಅಲ್ಲೇ ಇರ್ತಾನಲ್ಲ? ಅವನೂ ಎಲ್ಲೆರ ಹೊಂಟರ ಅಕಿ ನಮಗ ಸಿಗೂದಿಲ್ಲ.”

ಸೂರ್ಯನೂ ನಿಲ್ಲದೆ ಓಡುತ್ತಾನೆ, ಭೂಮಿ ಬಿಟ್ಟುಬಂದ ಜಾಗಕ್ಕೆ ಎಂದೂ ಮರಳುವುದಿಲ್ಲ ಎಂದು ಶಿವಯೋಗಿ ಪ್ರತಿವರ್ಷ ತರಗತಿಯಲ್ಲಿ ಪಾಠ ಮಾಡುತ್ತಿದ್ದ.

“ಸೂರ್ಯ ಎಲ್ಲಿ ಹೋಗ್ತಾನ ವೈನಿ? ಅಲ್ಲೇ ಇರ್ತಾನ,” ಅಂದ.