ಹೂವಿಗೆ ಹೇಳುವ ಸದ್ದು

ಟೊಮೆಟೊ ತೋಟದಲ್ಲಿ ಮುನಿರತ್ನಮ್ಮ ಎಂದಿನಂತೆ ಹೂವಿನಿಂದ ಹೂವಿಗೆ ಪರಾಗದ ಕುಂಚ ಮುಟ್ಟಿಸುತ್ತಿದ್ದಳು. ಪ್ರತಿ ಹೂವಿನ ಹತ್ತಿರ ಬಾಯಿ ತಂದು ‘ಝುಂಯ್’ ಎನ್ನುವುದು ಅವಳ ಅಜ್ಜಿ ಕಲಿಸಿದ ಪದ್ಧತಿ. ಹಾಗನ್ನದಿದ್ದರೆ ಕಾಯಿ ಕಚ್ಚುವುದಿಲ್ಲವೆಂದು, ಮರೆತವಳಿಂದ ಅಜ್ಜಿ ಇಡೀ ಸಾಲನ್ನು ಮತ್ತೆ ಮಾಡಿಸುತ್ತಿದ್ದಳು.

ಬದುವಿನ ಮೇಲೆ ಕೂತು ಇಂಗ್ಲಿಷ್ ಪಾಠ ಓದುತ್ತಿದ್ದ ಮಗಳು ಭವಾನಿ ತಲೆಯೆತ್ತಿದಳು. “ಅಮ್ಮಾ, ‘ಬಝ್’ ಅನ್ನೋ ಪದ ಜೇನುನೊಣದ ಸದ್ದಿಂದಾನೇ ಹುಟ್ಟಿದ್ದಂತೆ. ಹೂವಿಂದ ಹೂವಿಗೆ ಹೋಗುವಾಗ ಹಂಗೆ ಸದ್ದು ಮಾಡ್ತಿದ್ವಂತೆ. ನೀನು ಕೇಳಿದ್ದೀಯಾ?”

“ಇಲ್ಲ ಕಣೆ. ನಾನು ಹುಟ್ಟೋಕೆ ಮುಂಚೇನೇ ಎಲ್ಲಾ ಸತ್ತೋದ್ವು.”

ಮುನಿರತ್ನಮ್ಮ ಮುಂದಿನ ಹೂವಿಗೆ ಬಾಗಿ ‘ಝುಂಯ್’ ಎಂದಳು. ಕುಂಚ ಹಿಡಿದ ಕೈ ಅಲ್ಲೇ ನಿಂತಿತು.

“ನಮ್ಮಜ್ಜಿ ಆ ಸದ್ದು ಕೇಳಿದ್ಲು,” ಎಂದಳು. “ಪುಸ್ತಕ ಇಟ್ಟು ಬಾ ಇಲ್ಲಿ. ನಿಂಗೂ ಅದನ್ನ ಹೇಳ್ಕೊಡ್ತೀನಿ.”